ನಿಮ್ಮ ‘ರಿಟೆನ್ಷನ್’ ಆಫೀಸಿನ ಬೀರುವಿನಲ್ಲಿದೆ



ಡೆಂಟಲ್ ಕಾಲೇಜುಗಳಲ್ಲಿ ಅಧ್ಯಾಪಕರು ಯಾಕೆ ನಿಲ್ತಿಲ್ಲ ಅಂತ ಸೆಮಿನಾರ್ ಮೇಲೆ ಸೆಮಿನಾರ್ ನಡೀತಿದೆ. ಸಂಬಳ ಕಮ್ಮಿ, ಪ್ರಮೋಷನ್ ತಡ, ಪೇಪರ್ ಪಬ್ಲಿಷ್ ಮಾಡೋ ಒತ್ತಡ. ಎಲ್ಲಾ ನಿಜವೇ. ಆದ್ರೆ ನನ್ನ ಕೈಗೆ ಬಂದ ‘ಉದ್ಯೋಗ ತೃಪ್ತಿ’ ಸರ್ವೆಗಳಲ್ಲಿ ವಯಸ್ಸು ಕೇಳಿದ್ರು, ಲಿಂಗ ಕೇಳಿದ್ರು, ಮದುವೆ ಆಗಿದ್ಯಾ ಅಂತಾನೂ ಕೇಳಿದ್ರು. ಜಾತಿ ಕೇಳಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ‘ಊರಲ್ಲಿ ನಿಮ್ಮನೆ ಯಾವ ಕಡೆ ಬರುತ್ತೆ’ ಅಂತ ಕೆದಕಿದವರಿಗೆ ಸರ್ವೆ ಮಾಡುವಾಗ ಮಾತ್ರ ಅದು ನೆನಪಾಗಲ್ಲ ನೋಡಿ.

ನಾನು ಐದು ವರ್ಷ ಒಂದು ಖಾಸಗಿ ಕಾಲೇಜಿನ ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ ವಿಭಾಗದಲ್ಲಿ ಲೆಕ್ಚರರ್ ಆಗಿದ್ದೆ. ಓಪಿಡಿ ಲೆಕ್ಕ ತೋರಿಸಬೇಕು, ವಿದ್ಯಾರ್ಥಿಗಳ ಹಲ್ಲು ಕೀಳುವ ಕೋಟಾ ತುಂಬಬೇಕು. ಅದಕ್ಕೆ ಬಾಯಿಗಳು ಬೇಕು. ಅವು ಎಲ್ಲಿಂದ ಬರ್ತವೆ? ಕೇರಿಯಿಂದ, ಸ್ಲಮ್ಮಿನಿಂದ, ಪೌರಕಾರ್ಮಿಕರ ಕಾಲೋನಿಯಿಂದ. ಬಸ್ ಕಳಿಸ್ತಾರೆ. ಬಸ್ಸಿನ ಜೊತೆ ಯಾವಾಗಲೂ ನಾನೇ. ‘ನೀವು ಹೇಳಿದ್ರೆ ಅವರು ಬರ್ತಾರೆ ಮೇಡಂ’ ಅಂತ ಎಚ್‌ಓಡಿ ನಗ್ತಾ ಹೇಳೋರು. ಕಾನ್ಫರೆನ್ಸಿಗೆ ಬೇರೆಯವರು, ಕ್ಯಾಂಪಿಗೆ ನಾನು. ಆಮೇಲೆ ರೀಡರ್ ಹುದ್ದೆಗೆ ನಿಮ್ಮ ಪಬ್ಲಿಕೇಷನ್ ಸಾಲದು ಅಂದ್ರು. (ಗುಟ್ಕಾ ತಿಂದು ಹಲ್ಲು ಹಾಳು ಮಾಡ್ಕೊಂಡಿದ್ದೀರಿ ಅಂತ ಚೇರ್ ಮೇಲೆ ಕೂರಿಸಿ ಬೈಯೋರು. ಗಟಾರದ ವಾಸನೆ ತಡೆಯೋಕೆ ಅದನ್ನ ಬಾಯಿಗೆ ಹಾಕ್ಕೊಳ್ತಾರೆ ಅಂತ ನಾನೇ ಎಷ್ಟು ಸಲ ಹೇಳಿದೆನೋ.)

ರಿಟೆನ್ಷನ್ ಅಂದ್ರೆ ಏನು ಅಂತ ಗೊತ್ತಾಗಿದ್ದು ರಾಜೀನಾಮೆ ಕೊಟ್ಟಾಗ. ನನ್ನ ಒರಿಜಿನಲ್ ಸರ್ಟಿಫಿಕೇಟುಗಳು ಅವರ ಬೀರುವಿನಲ್ಲಿದ್ದವು. ಮೂರು ತಿಂಗಳ ಸಂಬಳ ಕಟ್ಟಿ, ಇಲ್ಲಾ ಇನ್‌ಸ್ಪೆಕ್ಷನ್ ಮುಗಿಯೋವರೆಗೆ ಇರಿ ಅಂದ್ರು. ಇನ್‌ಸ್ಪೆಕ್ಷನ್ ದಿನ ಮಾತ್ರ ನಾನು ಅಮೂಲ್ಯ ಸಿಬ್ಬಂದಿ!

ಅಪ್ಪ ಕ್ಲಿನಿಕ್ ಹಾಕಿಕೊಡುವವರ ಮಕ್ಕಳು ಬೇಸರ ಆದ್ರೆ ಬಿಟ್ಟು ಹೋಗ್ತಾರೆ. ಡೆಂಟಲ್ ಚೇರು, ಎಕ್ಸ್‌ರೇ, ಆಟೋಕ್ಲೇವ್, ಅಂಗಡಿ ಅಡ್ವಾನ್ಸ್, ಅಷ್ಟು ದುಡ್ಡು ನಮ್ಮಲ್ಲಿ ಯಾರ ಹತ್ರ ಇದೆ? ಎಂ.ಡಿ.ಎಸ್. ಸಾಲವೇ ತೀರಿರಲ್ಲ. ಹಾಗಾಗಿ ನಮ್ಮವರು ಹಲ್ಲು ಕಚ್ಚಿಕೊಂಡು ಉಳೀತಾರೆ. ನಿಮ್ಮ ಸರ್ವೆ ಅದನ್ನ ತೃಪ್ತಿ ಅಂತ ಬರ್ಕೊಳ್ಳುತ್ತೆ.

ಇದು ನನ್ನೊಬ್ಬಳ ಗೋಳಲ್ಲ. ಕರ್ನಾಟಕದ ಡೆಂಟಲ್ ಕಾಲೇಜುಗಳಲ್ಲಿ ಬಹುಪಾಲು ಖಾಸಗಿಯವರದು. ಸರ್ಕಾರದವು ಬೆಂಗಳೂರು, ಬಳ್ಳಾರಿ ಅಂತ ಬೆರಳೆಣಿಕೆ. ಸಂವಿಧಾನದ 16(4)ನೇ ವಿಧಿಯ ಮೀಸಲಾತಿ ಸರ್ಕಾರಿ ಹುದ್ದೆಗಷ್ಟೇ. 2005ರ 93ನೇ ತಿದ್ದುಪಡಿ ಖಾಸಗಿ ಕಾಲೇಜಿನ ಸೀಟಿಗೆ ದಾರಿ ಮಾಡಿತು, ಮೇಷ್ಟ್ರ ಕುರ್ಚಿಗೆ ಮಾಡಲಿಲ್ಲ. ಮೀಸಲಾತಿ ಇರೋ ಕಡೆಯೂ ಸುಖವಿಲ್ಲ ಅನ್ನೋದಕ್ಕೆ ದೆಹಲಿ ಏಮ್ಸ್ ಬಗ್ಗೆ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ಕೊಟ್ಟ ವರದಿ ಓದಿ. 1948ರ ದಂತವೈದ್ಯರ ಕಾಯ್ದೆ ತೆಗೆದು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ತಂದಿದ್ದಾರೆ. ಆ ಆಯೋಗ ಕಾಲೇಜಿಗೆ ಬಂದಾಗ ಕುರ್ಚಿ ಎಣಿಸೋದರ ಜೊತೆ ಬೀರುವನ್ನೂ ತೆಗೆಸಿ ನೋಡಲಿ. ಯಾವ ಜಾತಿಯವರು ಎಷ್ಟು ವರ್ಷ ಲೆಕ್ಚರರ್ ಆಗೇ ಕೂತಿದ್ದಾರೆ ಅನ್ನೋ ಲೆಕ್ಕ ಪ್ರಕಟಿಸಲಿ.

ಕಾಲೇಜು ಬಿಟ್ಟಿರೋ, ಬಿಡೋಕಾಗದೆ ಒಳಗೇ ಇರೋ ನಮ್ಮವರು ಇನ್‌ಬಾಕ್ಸಿಗೆ ಬನ್ನಿ. ಹೆಸರು ಹಾಕಲ್ಲ. ಸರ್ಟಿಫಿಕೇಟು ಎಷ್ಟು ತಿಂಗಳು ಹಿಡಿದಿಟ್ಟಿದ್ರು, ಬಿಡಿಸ್ಕೊಳ್ಳೋಕೆ ಎಷ್ಟು ಕಟ್ಟಿದ್ರಿ, ಅಷ್ಟು ಬರೆದು ಕಳಿಸಿ. ಪಟ್ಟಿ ಮಾಡಿ ವೈದ್ಯಕೀಯ ಶಿಕ್ಷಣ ಸಚಿವರಿಗೂ ರಾಜ್ಯದ ಎಸ್‌ಸಿ, ಎಸ್‌ಟಿ ಆಯೋಗಕ್ಕೂ ಒಟ್ಟಿಗೇ ಹೋಗಿ ಕೊಡೋಣ.