ನೀರಿಗಿಳಿಯುವವಳ ಅಳತೆ

ನನ್ನ ಅತ್ತಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಈಜು ಕಲಿಯುತ್ತೇನೆಂದು ಹೊರಟಾಗ ಮನೆಯಲ್ಲಿ ಯಾರೂ ಅಡ್ಡಿ ಹೇಳಲಿಲ್ಲ. ಮಂಡಿ ಸವೆದಿದೆ, ನೀರಿನಲ್ಲಿ ವ್ಯಾಯಾಮ ಮಾಡಿ ಎಂದು ಡಾಕ್ಟರೇ ಹೇಳಿದ್ದರು. ಹತ್ತಿರದ ಈಜುಕೊಳದಲ್ಲಿ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಹೆಂಗಸರ ಬ್ಯಾಚು. ಫೀಸು ಕಟ್ಟಿದ್ದೂ ಆಯಿತು. ಅಡ್ಡ ಬಂದದ್ದು ಬಟ್ಟೆ. ಅಂಗಡಿಯಲ್ಲಿ ಅರ್ಧ ತೋಳಿನ ಟಾಪು, ಮಂಡಿವರೆಗಿನ ಬಾಟಮ್ಮು ಎರಡನ್ನೂ ಒಂದೇ ಹ್ಯಾಂಗರಿಗೆ ಸಿಕ್ಕಿಸಿ ಪ್ಲಾಸ್ಟಿಕ್ ದಾರದಿಂದ ಬಿಗಿದಿದ್ದರು. ಎಲ್ ಸೈಜಿನಲ್ಲಿ ಟಾಪು ಹೇಳಿ ಹೊಲಿಸಿದ ಹಾಗೆ ಕೂತಿತು, ಬಾಟಮ್ಮು ತೊಡೆ ದಾಟಿ ಮೇಲೇರಲಿಲ್ಲ. ಡಬಲ್ ಎಕ್ಸ್‌ಎಲ್ ತೊಟ್ಟರೆ ಸೊಂಟಕ್ಕೆ ಸರಿ, ಭುಜದಿಂದ ಟಾಪು ಜಾರುತ್ತದೆ. "ಮೇಲಿನದು ಇದರಲ್ಲಿ ಕೊಡಪ್ಪ, ಕೆಳಗಿನದು ಅದರಲ್ಲಿ ಕೊಡು" ಎಂದು ಅತ್ತಿಗೆ ಕೇಳಿದರು. ಹುಡುಗ ವಿನಯದಿಂದಲೇ ಹೇಳಿದ: "ಮೇಡಂ, ಸೆಟ್ ಒಡೆಯೋಕಾಗಲ್ಲ."

ಅತ್ತಿಗೆ ಬರಿಗೈಲಿ ವಾಪಸು ಬಂದರು. ಕಟ್ಟಿದ ಫೀಸಿನ ತಿಂಗಳು ಹಾಗೇ ಮುಗಿಯಿತು. ನನಗೆ ಮಾತ್ರ ಆ ಹುಡುಗನ ಮಾತು ತಲೆಯಿಂದ ಹೋಗಲಿಲ್ಲ. ಯಾವ ಸೆಟ್? ಯಾರು ಕಟ್ಟಿದ ಸೆಟ್? ಮೇಲೆ ಇಷ್ಟಿದ್ದವಳು ಕೆಳಗೆ ಇಷ್ಟೇ ಇರಬೇಕು ಎಂದು ಎಲ್ಲೋ ಯಾರೋ ಕೂತು ಹಾಕಿದ ಲೆಕ್ಕ ಅದು. ಆ ಲೆಕ್ಕಕ್ಕೆ ಹೊಂದದ ಹೆಂಗಸು ತನ್ನ ಮೈಯಲ್ಲೇ ಏನೋ ಐಬಿದೆ ಅಂದುಕೊಂಡು ಮನೆಗೆ ಬರುತ್ತಾಳೆ. ಈಜುಡುಗೆಯ ಮೇಲಿನದನ್ನೂ ಕೆಳಗಿನದನ್ನೂ ಬಿಡಿಬಿಡಿಯಾಗಿ ಮಾರಬೇಕು, ತೊಡುವವಳು ತನಗೆ ಬೇಕಾದ ಹಾಗೆ ಕೂಡಿಸಿಕೊಳ್ಳಬೇಕು ಎಂದು ನಾನು ವಾದಿಸಲು ಹೊರಟರೆ, ಇದೇನು ದೊಡ್ಡ ವಿಷಯವೇ ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ದೊಡ್ಡ ವಿಷಯವೇ. ನೀರಿಗಿಳಿಯುವವಳ ಅಳತೆಯನ್ನು ಯಾರು ತೆಗೆಯಬೇಕು ಎಂಬ ಪ್ರಶ್ನೆ ಇದರೊಳಗಿದೆ.

ಬಿಡಿ ಕೊಂಡು ಕೂಡಿಸುವುದು ನಮಗೆ ಹೊಸ ವಿದ್ಯೆಯಲ್ಲ. ನಮ್ಮ ಊರುಗಳ ಯಾವ ಪೇಟೆಬೀದಿಗೆ ಹೋದರೂ ಒಂದು ಮ್ಯಾಚಿಂಗ್ ಸೆಂಟರ್ ಇದ್ದೇ ಇರುತ್ತದೆ. ನೆಲದಿಂದ ಸೂರಿನವರೆಗೆ ಬ್ಲೌಸ್ ಬಟ್ಟೆಯ ಥಾನುಗಳು. ಹಸಿರೊಂದರಲ್ಲೇ ಗಿಳಿಹಸಿರು, ಪಾಚಿ ಹಸಿರು, ಎಲೆ ಹಸಿರು. ಹೆಂಗಸರು ಸೀರೆಯ ಸೆರಗನ್ನು ಥಾನಿನ ಪಕ್ಕ ಹಿಡಿದು, ಟ್ಯೂಬ್‌ಲೈಟ್ ಬೆಳಕನ್ನು ನಂಬದೆ, ಎರಡನ್ನೂ ಅಂಗಡಿ ಮೆಟ್ಟಿಲಿಗೆ ತಂದು ಬಿಸಿಲಿನಲ್ಲಿ ನೋಡುತ್ತಾರೆ. ಬಣ್ಣ ಕೂಡದಿದ್ದರೆ ಕಾಂಟ್ರಾಸ್ಟ್ ಹಾಕೋಣ ಎಂದು ಅಂಚಿನ ಬಣ್ಣವನ್ನೋ ಬುಟ್ಟಾದ ಬಣ್ಣವನ್ನೋ ಹಿಡಿಯುತ್ತಾರೆ. ಅಲ್ಲಿಂದ ದರ್ಜಿಯ ಬಳಿಗೆ, ಜೊತೆಗೆ ಒಂದು ಅಳತೆ ಬ್ಲೌಸು. ತೋಳು ಇನ್ನೊಂದಿಂಚು ಇಳಿಸಿ, ಬೆನ್ನು ಏರಿಸಿ, ಒಳಗೆ ಬಟ್ಟೆ ಬಿಡಿ, ಮುಂದೆ ಬಿಚ್ಚಿಕೊಳ್ಳಬಹುದು. ಸೀರೆ ಎಲ್ಲರಿಗೂ ಒಂದೇ ಉದ್ದ; ರವಿಕೆ ಒಬ್ಬೊಬ್ಬರದು ಒಂದೊಂದು. ಇಷ್ಟು ಚೆನ್ನಾಗಿ ಗೊತ್ತಿದ್ದವರು ಈಜುಡುಗೆಯ ಅಂಗಡಿಯಲ್ಲಿ ಮಾತ್ರ ಏಕೆ ತಲೆತಗ್ಗಿಸಿ ಬರಬೇಕು?

ಮೇಲಿಂದ ಕೆಳಗಿನವರೆಗೆ ಒಂದೇ ತುಂಡಾದ ಕಾಸ್ಟ್ಯೂಮಿನಲ್ಲಿ ತೊಡಕು ಇನ್ನೂ ಹೆಚ್ಚು. ಅಲ್ಲಿ ಎದೆ, ಸೊಂಟದ ಸುತ್ತಳತೆ ಹೊಂದಿದರೆ ಸಾಲದು. ಭುಜದಿಂದ ಹೊರಟು ತೊಡೆಸಂದಿನ ಮೂಲಕ ಬೆನ್ನ ಮೇಲೇರಿ ಮತ್ತೆ ಅದೇ ಭುಜಕ್ಕೆ ಬರುವ ಉದ್ದವೂ ಹೊಂದಬೇಕು. ಮುಂಡ ಉದ್ದವಿದ್ದವಳಿಗೆ ಪಟ್ಟಿ ಭುಜವನ್ನು ಕೊರೆಯುತ್ತದೆ, ಗಿಡ್ಡವಿದ್ದವಳಿಗೆ ಎದೆಯ ಬಳಿ ಜೋಲುತ್ತದೆ. ಆ ಉದ್ದವನ್ನು ಚೀಟಿಯ ಮೇಲೆ ಬರೆದದ್ದನ್ನು ನಾನು ಕಂಡದ್ದು ಅಪರೂಪ. ಇನ್ನು ಒದ್ದೆ ಮೈಯಲ್ಲಿ ಶೌಚಕ್ಕೆ ಹೋಗಬೇಕಾದವಳ ಪಾಡು: ಪೂರ್ತಿ ಬಿಚ್ಚಬೇಕು, ಚರ್ಮಕ್ಕೆ ಅಂಟಿಕೊಂಡದ್ದನ್ನು ಎಳೆದೆಳೆದು ಮತ್ತೆ ಏರಿಸಬೇಕು. ಮುಟ್ಟಿನ ದಿನಗಳಲ್ಲಿ, ಬಸುರಿನಲ್ಲಿ, ಎದೆಹಾಲು ಕೊಡುವ ಕಾಲದಲ್ಲಿ ಮೈಯ ಒಂದು ಭಾಗದ ಅಗತ್ಯ ಇನ್ನೊಂದರದಕ್ಕಿಂತ ಬೇರೆಯೇ ಆಗಿರುತ್ತದೆ. ಕ್ಯಾನ್ಸರಿನಿಂದ ಒಂದು ಸ್ತನ ತೆಗೆಸಿಕೊಂಡವರಿಗೆ ಒಳಗೆ ಜೇಬಿರುವ ಟಾಪು ಬೇಕು. ಕೆಳಗಿನದು ಯಾವುದಾದರೂ ಆದೀತು. ಇವರೆಲ್ಲರಿಗೂ ಒಂದೇ ಸಂಖ್ಯೆ ಹಚ್ಚಿ ಕಳಿಸುವುದು ಅನ್ಯಾಯ.

ಎರಡು ತುಂಡಿನ ಈಜುಡುಗೆ ಎಂದೊಡನೆ ಜನರಿಗೆ ನೆನಪಾಗುವುದು ಬಿಕಿನಿ. ಎಂಜಿನಿಯರಾಗಿದ್ದು ತಾಯಿಯ ಒಳಉಡುಪಿನ ವ್ಯಾಪಾರಕ್ಕೆ ಬಂದಿದ್ದ ಲೂಯಿ ರೆಯಾರ್ 1946ರ ಜುಲೈ 5ರಂದು ಪ್ಯಾರಿಸ್ಸಿನ ಮೊಲಿತೋರ್ ಈಜುಕೊಳದಲ್ಲಿ ಅದನ್ನು ತೋರಿಸಿದ. ನಾಲ್ಕು ದಿನ ಮುಂಚೆ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಅಣುಬಾಂಬು ಸಿಡಿಸಿತ್ತು, ಹೆಸರು ಅಲ್ಲಿಂದ ಬಂತು. ಆದರೆ ಎರಡು ತುಂಡು ಅದಕ್ಕಿಂತ ಹಳೆಯದು. ಯುದ್ಧಕಾಲದ ಅಮೆರಿಕದಲ್ಲಿ ಬಟ್ಟೆ ಉಳಿಸಲೆಂದು ಸರ್ಕಾರವೇ ಹೆಂಗಸರ ಈಜುಡುಗೆಯ ಬಟ್ಟೆ ಕಡಿತ ಮಾಡಿಸಿತ್ತು. ಹೊಟ್ಟೆಯ ಭಾಗ ಆಗಲೇ ಹೋಗಿತ್ತು. ಗಂಡಸರ ಕಥೆಯೂ ಇದೆ. ಅಮೆರಿಕದ ಅನೇಕ ಕಡಲತೀರಗಳಲ್ಲಿ 1930ರ ದಶಕದವರೆಗೆ ಗಂಡಸರೂ ಎದೆ ಮುಚ್ಚಿಕೊಂಡೇ ಇರಬೇಕಿತ್ತು. ಆ ದಶಕದಲ್ಲಿ ಜಾಂಟ್‌ಝೆನ್ ಕಂಪನಿ ಜಿಪ್ ಎಳೆದು ಮೇಲಿನದನ್ನು ಕಳಚಿಡಬಹುದಾದ ಉಡುಗೆ ತಂದಿತು. ಕೆಲವೇ ವರ್ಷಗಳಲ್ಲಿ ಮೇಲಿನದು ಹೋಗಿಯೇ ಬಿಟ್ಟಿತು. ಇವತ್ತು ಯಾವ ಅಂಗಡಿಯಲ್ಲೂ ಗಂಡಸರ ಈಜುಚಡ್ಡಿ ಬಿಡಿಯಾಗಿ ಸಿಗುತ್ತದೆ. ಅದನ್ನು ಯಾರೂ ಸೆಟ್ ಒಡೆಯುವುದು ಎನ್ನುವುದಿಲ್ಲ.

ಹೆಂಗಸಿನ ಉಡುಗೆಗೆ ಮಾತ್ರ ಟೇಪು ಹಿಡಿದವರು ಬೇರೆಯವರು. 1922ರಲ್ಲಿ ವಾಷಿಂಗ್ಟನ್ನಿನ ಸ್ನಾನತೀರದಲ್ಲಿ ತೆಗೆದ ಒಂದು ಫೋಟೊ ಇದೆ. ಟೊಪ್ಪಿ ಹಾಕಿದ ಪೊಲೀಸಿನವನು ಮೊಣಕಾಲೂರಿ ಕೂತು, ನಿಂತ ಹೆಂಗಸೊಬ್ಬಳ ಮಂಡಿಯಿಂದ ಈಜುಡುಗೆಯ ಅಂಚಿನವರೆಗೆ ಅಳೆಯುತ್ತಿದ್ದಾನೆ. ಮಂಡಿಯಿಂದ ಆರು ಇಂಚಿಗಿಂತ ಮೇಲೇರಬಾರದೆಂದು ಆಗ ಆಜ್ಞೆಯಾಗಿತ್ತು. ನೂರು ವರ್ಷಕ್ಕೆ ಒಂದು ವರ್ಷ ಕಡಿಮೆ ಇರುವಾಗ, 2021ರ ಜುಲೈಯಲ್ಲಿ, ಬಲ್ಗೇರಿಯಾದ ವರ್ನಾದಲ್ಲಿ ಯುರೋಪಿನ ಬೀಚ್ ಹ್ಯಾಂಡ್‌ಬಾಲ್ ಪಂದ್ಯಾವಳಿ ನಡೆಯಿತು. ನಾರ್ವೆಯ ಹೆಣ್ಣುಮಕ್ಕಳ ತಂಡ ಬಿಕಿನಿಯ ಕೆಳತುಂಡು ಬಿಟ್ಟು ಗಿಡ್ಡ ಚಡ್ಡಿ ತೊಟ್ಟು ಆಡಿತು. ಆಗಿನ ನಿಯಮದ ಪ್ರಕಾರ ಕೆಳತುಂಡಿನ ಪಕ್ಕದ ಅಗಲ ಹತ್ತು ಸೆಂಟಿಮೀಟರ್ ದಾಟಬಾರದಿತ್ತು. ಅದೇ ಆಟ ಆಡುವ ಗಂಡಸರಿಗೆ ಚಡ್ಡಿಯೇ ಸಮವಸ್ತ್ರ. ಹುಡುಗಿಯರಿಗೆ 1,500 ಯೂರೊ ದಂಡ ಬಿತ್ತು. ಜಗತ್ತೇ ಕೇಳಿದ ಮೇಲೆ ಅಂತರರಾಷ್ಟ್ರೀಯ ಹ್ಯಾಂಡ್‌ಬಾಲ್ ಒಕ್ಕೂಟ ಅದೇ ವರ್ಷ ನಿಯಮ ಬದಲಿಸಿ ಬಿಗಿ ಚಡ್ಡಿಗೆ ಒಪ್ಪಿತು.

ಮೊದಲನೆಯವನು ಸಾಕಷ್ಟು ಮುಚ್ಚಿಲ್ಲ ಎಂದ, ಎರಡನೆಯವರು ಹೆಚ್ಚು ಮುಚ್ಚಿದ್ದೀರಿ ಎಂದರು. ದಿಕ್ಕು ಬೇರೆ, ಟೇಪು ಒಂದೇ. ಆಸ್ಟ್ರೇಲಿಯಾದ ಅಹೆದಾ ಝನೆಟ್ಟಿ 2004ರಲ್ಲಿ ರೂಪಿಸಿದ ಬುರ್ಕಿನಿಯನ್ನು 2016ರ ಬೇಸಿಗೆಯಲ್ಲಿ ಫ್ರಾನ್ಸಿನ ಹಲವು ಕರಾವಳಿ ಊರುಗಳು ನಿಷೇಧಿಸಿದಾಗಲೂ ಇದೇ ಆಯಿತು. ಆಗಸ್ಟ್ 26ರಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ವಿಲ್‌ನವ್-ಲೂಬೆ ಎಂಬ ಊರಿನ ನಿಷೇಧವನ್ನು ತಡೆಹಿಡಿಯಿತು. ಹೆಂಗಸು ಎಷ್ಟು ತೋರಿಸಬೇಕು ಎನ್ನುವವರೂ ಎಷ್ಟು ಮುಚ್ಚಬೇಕು ಎನ್ನುವವರೂ ನನ್ನ ಕಣ್ಣಿಗೆ ಒಂದೇ ಬೆಂಚಿನ ಮೇಲೆ ಕೂತವರು. ಇಬ್ಬರಿಗೂ ನೀರಿನ ಮೇಲೆ ಆಸಕ್ತಿಯಿಲ್ಲ.

ಹಾಗಾದರೆ ಉಡುಗೆಗೆ ನಿಯಮವೇ ಬೇಡವೇ? ಬೇಕು, ಮತ್ತು ಅದನ್ನು ನೀರೇ ಹೇಳುತ್ತದೆ. ನಮ್ಮ ಈಜುಕೊಳಗಳಲ್ಲಿ ಹತ್ತಿ ಬಟ್ಟೆ ಬೇಡ ಎನ್ನುವುದರಲ್ಲಿ ಅರ್ಥವಿದೆ. ಒಣಗಿದೆ ಎಂದು ನಾವು ಮಡಿಸಿಡುವ ಹತ್ತಿ ಬಟ್ಟೆಯಲ್ಲೂ ತೂಕದ ಶೇ 8ರಷ್ಟು ತೇವ ಗಾಳಿಯಿಂದಲೇ ಸೇರಿರುತ್ತದೆ. ನೈಲಾನಿನಲ್ಲಿ ಅದರ ಅರ್ಧ, ಪಾಲಿಯೆಸ್ಟರಿನಲ್ಲಿ ಶೇ ಅರ್ಧವೂ ಇಲ್ಲ. ನೀರಿಗೆ ಬಿದ್ದ ಹತ್ತಿ ಊದಿಕೊಂಡು ಕಾಲಿಗೆ ಸುತ್ತುತ್ತದೆ, ಕೆಳಗೆ ಎಳೆಯುತ್ತದೆ. ಅದರ ಎಳೆ ಉದುರಿ ಫಿಲ್ಟರಿಗೆ ಹೋಗುತ್ತದೆ, ಬಣ್ಣ ಬಿಡುತ್ತದೆ. ಆದ್ದರಿಂದ ಯಾವ ಬಟ್ಟೆ ಎಂದು ಫಲಕದ ಮೇಲೆ ಬರೆಯಲಿ. ಎಷ್ಟು ಬಟ್ಟೆ ಎಂದು ಬರೆಯುವುದು ಬೇಡ. ಸ್ಪರ್ಧೆಯ ಈಜಿಗೆ ಬೇರೆ ಕಾನೂನಿದೆ: 2010ರಿಂದ ಹೆಂಗಸರ ಉಡುಗೆ ಮಂಡಿ ದಾಟುವಂತಿಲ್ಲ, ಭುಜದಿಂದಾಚೆ ಚಾಚುವಂತಿಲ್ಲ, ಏಕೆಂದರೆ ಅದಕ್ಕೆ ಮುಂಚೆ ಮೈತುಂಬ ತೊಡುವ ಪಾಲಿಯುರಿಥೇನ್ ಉಡುಗೆಗಳು ದಾಖಲೆಗಳನ್ನೇ ತಲೆಕೆಳಗು ಮಾಡಿದ್ದವು. ಮಂಡಿನೋವಿನ ಅತ್ತಿಗೆ ಯಾರ ದಾಖಲೆಯನ್ನೂ ಮುರಿಯುವುದಿಲ್ಲ. ಪೂರ್ತಿ ತೋಳಿನ ನೈಲಾನ್ ಟಾಪು, ಪಾದದ ಗಂಟಿನವರೆಗಿನ ಬಾಟಮ್ಮು ತೊಟ್ಟು ಬಂದರೂ, ಅವರ ಪಕ್ಕದಲ್ಲೇ ಕಾಲೇಜು ಹುಡುಗಿ ಚಿಕ್ಕದನ್ನು ತೊಟ್ಟು ಬಂದರೂ ಕೊಳಕ್ಕೆ ನಷ್ಟವಿಲ್ಲ.

ವ್ಯಾಪಾರಿಗಳ ಕಷ್ಟವನ್ನು ನಾನು ತಳ್ಳಿಹಾಕುವುದಿಲ್ಲ. ಬಿಡಿ ಮಾರಿದರೆ ಒಂದು ಸೈಜಿನ ಟಾಪು ಖಾಲಿಯಾಗಿ ಅದರ ಬಾಟಮ್ಮು ರ‍್ಯಾಕಿನಲ್ಲೇ ಉಳಿಯುತ್ತದೆ. ಬೇರೆ ಬೇರೆ ಸಲ ಬಣ್ಣ ಹಾಕಿದ ಕಪ್ಪು ಒಂದರ ಪಕ್ಕ ಒಂದಿಟ್ಟರೆ ಬೇರೆಯಾಗಿಯೇ ಕಾಣುತ್ತದೆ. ಆದರೆ ಸೆಟ್ ಬಿಗಿದಿಟ್ಟದ್ದರಿಂದ ಏನನ್ನೂ ಕೊಳ್ಳದೆ ಹೋದವರ ಲೆಕ್ಕ ಯಾವ ಪುಸ್ತಕದಲ್ಲಿದೆ? ಬಣ್ಣದ ಕಷ್ಟಕ್ಕೆ ಉತ್ತರ ಮ್ಯಾಚಿಂಗ್ ಸೆಂಟರಿನ ಮೆಟ್ಟಿಲ ಮೇಲೇ ಇದೆ: ಒಂದೇ ಬಣ್ಣ ಕೂಡದಿದ್ದಾಗ ಕಾಂಟ್ರಾಸ್ಟ್.

ಇನ್ನೊಂದು ಆಕ್ಷೇಪ ನನ್ನ ವಿದ್ಯಾವಂತ ಗೆಳತಿಯರಿಂದಲೇ ಬಂದದ್ದು. ನಾಚಿಕೆಗೆ ತಕ್ಕ ಬಟ್ಟೆ ಹುಡುಕಿಕೊಡುವ ಬದಲು ನಾಚಿಕೆಯನ್ನೇ ಬಿಡಿಸಬಾರದೇ ಎನ್ನುತ್ತಾರೆ. ಬಿಟ್ಟವರು ಬಿಡಲಿ, ನನಗೂ ಸಂತೋಷವೇ. ಆದರೆ ನಾಚಿಕೆ ಬಿಟ್ಟ ಮೇಲೆ ಬಾ ಎಂದರೆ ನಮ್ಮ ಊರಿನ ಹೆಂಗಸರಲ್ಲಿ ಹೆಚ್ಚಿನವರು ದಡದಲ್ಲೇ ಮುದುಕಿಯರಾಗುತ್ತಾರೆ. ಮಲ್ಪೆಯಲ್ಲಿ, ಮುರುಡೇಶ್ವರದಲ್ಲಿ ನೋಡಿ: ಗಂಡಸರು ಮಕ್ಕಳು ಅಲೆಯೊಳಗೆ, ಹೆಂಗಸರು ಸೀರೆಯನ್ನೋ ಚೂಡಿದಾರವನ್ನೋ ಮಂಡಿಗೆ ಎತ್ತಿ ಹಿಡಿದು ನೊರೆಯ ಅಂಚಿನಲ್ಲಿ, ಎಲ್ಲರ ಚಪ್ಪಲಿ ಕಾಯುತ್ತ. ಕೃಷಿಹೊಂಡಕ್ಕೆ ಕಾಲು ಜಾರಿ ಬಿದ್ದವಳು, ಅವಳನ್ನು ಎಳೆಯಹೋಗಿ ಮುಳುಗಿದ ತಾಯಿ, ಇಬ್ಬರಿಗೂ ಈಜು ಬರುತ್ತಿರಲಿಲ್ಲ ಎಂಬ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಈಜು ಜೀವ ಉಳಿಸುವ ವಿದ್ಯೆ. ಅದನ್ನು ಕಲಿಯಲು ಬಂದವಳನ್ನು ಬಟ್ಟೆಯ ಕಾರಣಕ್ಕೆ ಬಾಗಿಲಲ್ಲಿ ನಿಲ್ಲಿಸುವುದು ನನಗೆ ಸಹಿಸಲಾಗದ ಸಂಗತಿ.

ಬಿಡಿ ಕೊಳ್ಳುವವಳಿಗೆ ಒಂದಿಷ್ಟು ತಿಳಿವಳಿಕೆ ಬೇಕು. ಟ್ರಯಲ್ ರೂಮಿನ ಕನ್ನಡಿ ಎದುರು ನೆಟ್ಟಗೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎರಡೂ ಕೈ ತಲೆಯ ಮೇಲೆತ್ತಬೇಕು, ಬಾಗಬೇಕು, ಕುಕ್ಕರುಗಾಲಿನಲ್ಲಿ ಕೂತು ಏಳಬೇಕು. ಟಾಪು ಎದೆಯ ಕೆಳಗಿನಿಂದ ಮೇಲೆ ಸರಿದರೆ ನೀರಲ್ಲಿ ಅದು ಬಲೂನಿನಂತೆ ಉಬ್ಬುತ್ತದೆ. ಇದು ಎರಡು ತುಂಡಿನ ನಿಜವಾದ ದೋಷ, ಮುಚ್ಚಿಡುವುದಿಲ್ಲ. ಉದ್ದ ತೋಳಿನ ಕೆಲವು ಟಾಪುಗಳಿಗೆ ಮುಂದೆ ಒಳಗಡೆ ಒಂದು ಸಣ್ಣ ಕುಣಿಕೆ ಇರುತ್ತದೆ. ಬಾಟಮ್ಮಿನ ಲಾಡಿಯನ್ನು ಅದರೊಳಗೆ ತೂರಿಸಿ ಕಟ್ಟಿದರೆ ಮೇಲೇರುವುದಿಲ್ಲ. ಲಾಡಿಯಿಲ್ಲದ ಬಾಟಮ್ಮು, ಎಷ್ಟೇ ಚೆಂದವಿರಲಿ, ಗೋಡೆಗೆ ಕಾಲು ಒದ್ದು ಮುಂದಕ್ಕೆ ಚಿಮ್ಮಿದಾಗ ಜಾರುತ್ತದೆ. ಮೇಲಿನದಕ್ಕೆ ಕಣ್ಣಿಗೆ ಹೊಡೆಯುವ ಬಣ್ಣವೇ ಇರಲಿ: ಕಿತ್ತಳೆ, ಢಾಳಾದ ಗುಲಾಬಿ. ತಿಳಿನೀಲಿ ಬಿಳಿ ಬಣ್ಣಗಳು ಕೊಳದ ನೀಲಿಯಲ್ಲಿ ಕರಗಿಹೋಗುತ್ತವೆ, ಮುಳುಗುತ್ತಿರುವವರು ಕಾಣುವುದೇ ಇಲ್ಲ. ಮಕ್ಕಳಿಗಂತೂ ಇದು ಮರೆಯಬಾರದ ಮಾತು. ಕೆಳಗಿನದು ಕಪ್ಪೋ ಕಡುನೀಲಿಯೋ ಇದ್ದರೆ ಯಾವ ಮೇಲಿನದಕ್ಕೂ ಒಗ್ಗುತ್ತದೆ.

ಎರಡೂ ಒಂದೇ ಕಾಲಕ್ಕೆ ಹಳತಾಗುವುದೂ ಇಲ್ಲ. ಈಜುಡುಗೆಗೆ ಹಿಗ್ಗುವ ಗುಣ ಕೊಡುವುದು ಇಲಾಸ್ಟೇನ್, ಲೈಕ್ರಾ ಎಂದು ನಾವು ಕರೆಯುವುದು. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದದ್ದು. ಅದನ್ನು ಕ್ಲೋರಿನ್ ದಿನದಿನಕ್ಕೂ ತಿನ್ನುತ್ತದೆ. ಅದರ ಮೇಲೆ ಕೊಳದ ಒರಟು ಅಂಚಿನಲ್ಲಿ ಕೂತು ಏಳುವುದರಿಂದ ಮೊದಲು ತೆಳ್ಳಗಾಗುವುದು ಬಾಟಮ್ಮಿನ ಹಿಂಭಾಗ. ಸೆಟ್ ಕೊಂಡವಳು ಗಟ್ಟಿಯಿರುವ ಟಾಪನ್ನೂ ಅದರ ಜೊತೆಗೆ ಬಿಸಾಡಬೇಕು.

ಅತ್ತಿಗೆಗೆ ಕೊನೆಗೆ ಬೇರೊಂದು ಅಂಗಡಿಯಲ್ಲಿ ಕಿತ್ತಳೆ ಬಣ್ಣದ ಎಲ್ ಸೈಜಿನ ಟಾಪು ಸಿಕ್ಕಿತು, ಒಂಟಿಯಾಗಿ, ಅದರ ಜೋಡಿ ಯಾವಾಗಲೋ ಕಳೆದುಹೋಗಿತ್ತು. ಬಾಟಮ್ಮನ್ನು ಗಂಡಸರ ಸಾಲಿನಲ್ಲಿ ಹುಡುಕಿದರು: ಮಂಡಿವರೆಗಿನ ಕಪ್ಪು ಈಜುಚಡ್ಡಿ, ಒಳಗೆ ಲಾಡಿ, ಸೊಂಟಕ್ಕೆ ಸರಿಯಾದದ್ದು. "ಇದನ್ನ ಮೊದಲೇ ನೋಡಬಾರದಿತ್ತೇನೇ" ಎಂದರು ನನಗೆ. ಮೊದಲ ತಿಂಗಳು ಕಂಬಿ ಹಿಡಿದು ಕಾಲು ಬಡಿದರು, ಮೂರನೆಯ ತಿಂಗಳು ಬೆನ್ನ ಮೇಲೆ ತೇಲಿದರು, ಈಗ ಅಗಲಕ್ಕೆ ಈಜಿ ಬರುತ್ತಾರೆ. ಈ ಬೇಸಿಗೆಯ ಹೊತ್ತಿಗೆ ಚಡ್ಡಿಯ ಹಿಂಭಾಗ ಬೆರಳು ಕಾಣುವಷ್ಟು ತೆಳುವಾಗಿತ್ತು. ಟಾಪು ಇನ್ನೂ ಗಟ್ಟಿ. ಹೋದ ವಾರ ಕೆಳಗಿನದೊಂದನ್ನೇ ಹೊಸದಾಗಿ ತಂದುಕೊಂಡರು, ಈ ಸಲ ಕಡುನೀಲಿ.