ಚಾಳೀಸು

ಕಳೆದ ತಿಂಗಳು ಕೋಪರಿಯ ಕನ್ನಡಕದ ಅಂಗಡಿಯವನು ಸಣ್ಣಕ್ಷರದ ಕಾರ್ಡೊಂದನ್ನು ಕೈಗೆ ಕೊಟ್ಟು ಓದಿ ಎಂದ. ನಾನು ಅದನ್ನು ಮೆಲ್ಲಗೆ ದೂರ ಹಿಡಿದದ್ದು ನೋಡಿ ನಕ್ಕ. ‘ಚಾಳಿಶಿ ಲಾಗ್ಲಿ, ಸಾಹೇಬ್!’ ನನಗಿನ್ನೂ ಮೂವತ್ತೊಂಬತ್ತು. ಆದರೆ ಆ ಮಾತು ನನಗೆ ಹೊಸದಲ್ಲ. ನಮ್ಮ ವಿಜಯಪುರದ ಕಡೆ ಕನ್ನಡಕಕ್ಕೆ ಚಾಳೀಸು ಅಂತಲೇ ಅನ್ನುತ್ತಾರೆ. ನಲವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ಬಿಗಿಯಾಗಿ ಹತ್ತಿರದ್ದು ಮಸುಕಾಗುತ್ತದೆ. ಹೆಸರಿನಲ್ಲೇ ವಯಸ್ಸಿದೆ. ಮನೆಯಿಂದ ಅಂಗಡಿಗೆ ಐದು ನಿಮಿಷದ ನಡಿಗೆ. ಮರುದಿನವೇ ಕನ್ನಡಕ ಸಿಕ್ಕಿತು.

ಅದೇ ವಾರ ಊರಿನಿಂದ ತಮ್ಮನ ಫೋನ್. ಅವ್ವ ತಲೆ ತಿರುಗಿ ಬಿದ್ದಿದ್ದಳು. ಬಿ.ಪಿ. ಗುಳಿಗೆ ಎಂದುಕೊಂಡು ಎರಡು ದಿನ ಸಕ್ಕರೆ ಕಾಯಿಲೆಯ ಗುಳಿಗೆಯನ್ನೇ ಎರಡೆರಡು ನುಂಗಿದ್ದಳಂತೆ. ಕೇಳಿದರೆ, ‘ನನ್ನ ಕಣ್ಣ ಛಲೋ ಅದಾವಪಾ. ಅಂಗಡ್ಯಾಂವ ಗುಳಿಗಿ ಬಣ್ಣಾನ ಬದಲ ಮಾಡ್ಯಾನ’ ಎಂದಳು. ಓದು ಬಲ್ಲ ಅವ್ವ ಇಷ್ಟು ವರ್ಷ ಬಣ್ಣ ನೋಡಿ ಗುಳಿಗೆ ನುಂಗುತ್ತಿದ್ದಳು!

ಎರಡು ವರ್ಷದ ಹಿಂದೆ ಅವಳು ಕಣ್ಣಿನ ಕ್ಯಾಂಪಿಗೂ ಹೋಗಿದ್ದಳು. ದೂರದ ಬೋರ್ಡು ಓದಿಸಿ, ‘ಪೊರೆ ಇಲ್ಲ’ ಎಂದು ಕಳಿಸಿದ್ದರು. ಕೈಗೆ ಒಂದು ಸಾಲು ಕೊಟ್ಟು ಓದಿಸಿರಲಿಲ್ಲ.

ಕ್ಯಾಂಪ್ ಎಂದರೆ ಪೊರೆ ಎಂಬ ಭಾವನೆ ನಮ್ಮಲ್ಲಿ ಸುಮ್ಮನೆ ಬೆಳೆದದ್ದಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಹಳ್ಳಿಹಳ್ಳಿ ತಿರುಗಿ 1993ರ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಕಣ್ಣಿನ ಆಪರೇಷನ್ ಮಾಡಿದ್ದರೆಂದು ಗಿನ್ನೆಸ್ ದಾಖಲೆ ಹೇಳುತ್ತದೆ. ಆ ಪುಣ್ಯಾತ್ಮರಿಂದ ಎಷ್ಟೋ ಮನೆಗಳಿಗೆ ಬೆಳಕು ಬಂತು. ಆದರೆ ಚಾಳೀಸಿಗೆ ಆಪರೇಷನ್ ಬೇಕಿಲ್ಲ. ಹಾಗಾಗಿ ‘ವಯಸ್ಸಾಯ್ತು’ ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಗಳಿಗೆ ಹತ್ತಿರ ನೋಡುವ ಕನ್ನಡಕ ಕೊಟ್ಟು ನೋಡಿದರು. ಕನ್ನಡಕ ಸಿಕ್ಕವರ ದುಡಿಮೆ, ಸಿಗದವರಿಗಿಂತ ಸುಮಾರು ಶೇ. 22ರಷ್ಟು ಹೆಚ್ಚಿತೆಂದು 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ನಮ್ಮ ರಾಜ್ಯದಲ್ಲೂ ಮನೆಮನೆಗೆ ಹೋಗಿ ಕಣ್ಣು ನೋಡಿ ಉಚಿತ ಕನ್ನಡಕ ಕೊಡುವ ‘ಆಶಾಕಿರಣ’ ಯೋಜನೆಗೆ 2024ರ ಫೆಬ್ರವರಿಯಲ್ಲಿ ಹಾವೇರಿಯಲ್ಲಿ ಚಾಲನೆ ಸಿಕ್ಕಿದೆ.

ಅವ್ವನನ್ನು ತಮ್ಮ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದ. ಒಂದು ದಿನದ ಕೂಲಿ ಹೋಯಿತು, ಇಬ್ಬರ ಬಸ್ ಖರ್ಚು ಬೇರೆ. ಕನ್ನಡಕಕ್ಕಿಂತ ಈ ಖರ್ಚಿಗೇ ಹೆದರಿ ಎಷ್ಟೋ ಜನ ಹೋಗುವುದಿಲ್ಲ. ಮುಂದಿನ ಭಾನುವಾರ ವಿಡಿಯೊ ಕಾಲ್‌ನಲ್ಲಿ ಹೊಸ ಚಾಳೀಸು ಹಾಕಿಕೊಂಡ ಅವ್ವ ನನ್ನನ್ನೇ ದಿಟ್ಟಿಸಿದಳು. ‘ಎಷ್ಟ ಸೊರಗೀಯೋ ಮಗನ! ಗಡ್ಡಾನೂ ಬೆಳ್ಳಗಾಗೇದ.’ ಗಡ್ಡ ನರೆತು ಎರಡು ವರ್ಷವಾಗಿತ್ತು. ಪ್ರತಿ ವಾರ ನಾನು ಅವಳನ್ನು ನೋಡುತ್ತಿದ್ದೆ. ಅವಳು ನನ್ನ ದನಿ ಮಾತ್ರ ಕೇಳುತ್ತಿದ್ದಳು.

ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಹಿರಿಯರ ಕೈಗೆ ಗುಳಿಗೆಯ ಚೀಟಿ ಕೊಟ್ಟು ಓದಲು ಹೇಳಿ. ಓದು ಬಾರದವರಿಗೆ ಸೂಜಿ-ದಾರ ಕೊಡಿ. ತಡವರಿಸಿದರೆ ಜಾತ್ರೆಯ ಅಂಗಡಿಯ ಕನ್ನಡಕ ತಂದುಕೊಟ್ಟು ಸುಮ್ಮನಾಗಬೇಡಿ. ಸಕ್ಕರೆ ಕಾಯಿಲೆ ಇದ್ದವರ ಕಣ್ಣಿನ ಒಳಪದರವನ್ನೂ ನೋಡಿಸಬೇಕು. ರಜೆಯಲ್ಲಿ ಅರ್ಧ ದಿನ ಅದಕ್ಕೆ ಕೊಟ್ಟು, ನೀವೇ ಜೊತೆಗೆ ಹೋಗಿ.