ಪದೇ ಪದೇ ಗಾಯಗೊಳ್ಳುವ ಆಟಗಾರನ ಬೆಲೆ ಎಷ್ಟು?



ನಮ್ಮ ಸಮೀರವಾಡಿಯ ಸೀಮೆಯಲ್ಲಿ ಆಟವೆಂದರೆ ಕಬಡ್ಡಿ, ಖೋ ಖೋ, ಕುಸ್ತಿ ಮತ್ತು ಸೈಕಲ್ ಸ್ಪರ್ಧೆ. ಹಾಕಿಯ ಬೇರುಗಳು ಏನಿದ್ದರೂ ಕೊಡಗಿನಲ್ಲಿ, ಬೆಂಗಳೂರಿನಲ್ಲಿ. ನಮಗೆ ತುಸು ಹತ್ತಿರವೆಂದರೆ ಹುಬ್ಬಳ್ಳಿ, ಗದಗಗಳಲ್ಲಿ. ಆದರೂ ಈ ಸಲ ಹಾಕಿಯ ಬಗ್ಗೆ ಬರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬೇರೊಂದು ಜಿಲ್ಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದಾನೆ. ಅವನ ತಂಡದಲ್ಲಿ ಹದಿನಾರು ವರ್ಷದ ಮುಂಚೂಣಿ ಆಟಗಾರನೊಬ್ಬನಿದ್ದಾನಂತೆ. ಅವನ ಓಟಕ್ಕೆ ಎದುರಾಳಿಗಳ ರಕ್ಷಣೆ ಒಡೆದುಹೋಗುತ್ತದೆ. ಆದರೆ ಎರಡು ವರ್ಷಗಳಲ್ಲಿ ಮೂರು ಬಾರಿ ಗಾಯಗೊಂಡು ತಿಂಗಳುಗಟ್ಟಲೆ ಹೊರಗೆ ಕುಳಿತಿದ್ದಾನೆ. ತಂಡ ಆರಿಸುವ ಹೊತ್ತಿಗೆ, ‘ಕುಂಟುವ ಕುದುರೆಯನ್ನು ಎಷ್ಟು ದಿನ ಸಾಕುವುದು?’ ಎಂದು ಹಿರಿಯರೊಬ್ಬರು ಕೇಳಿದರಂತೆ. ‘ಸರ್, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂಬುದು ನನ್ನ ಶಿಷ್ಯನ ಪ್ರಶ್ನೆ. ನಿಮ್ಮಲ್ಲಿ ಹಲವರು ಶಿಕ್ಷಕರು, ಹಲವರು ಬೆಳೆಯುವ ಮಕ್ಕಳ ತಂದೆತಾಯಿಗಳು. ಆದ್ದರಿಂದ ನನ್ನ ಉತ್ತರವನ್ನು ಎಲ್ಲರಿಗೂ ಸಲ್ಲುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲಿಗೆ, ಮುಂಚೂಣಿ ಆಟಗಾರನ ಬೆಲೆಯನ್ನು ಗೋಲುಗಳಿಂದ ಮಾತ್ರ ಅಳೆಯುವ ರೂಢಿಯನ್ನು ಬಿಡಬೇಕು. ನಮ್ಮ ನಾಡಿನದೇ ಉದಾಹರಣೆ ಸೋಮವಾರಪೇಟೆಯ ಎಸ್.ವಿ. ಸುನಿಲ್. ಬಡಗಿಯ ಮನೆಯಲ್ಲಿ ಹುಟ್ಟಿದ ಈ ಹುಡುಗ 2007ರ ಏಷ್ಯಾ ಕಪ್‌ನಲ್ಲಿ ಭಾರತ ತಂಡಕ್ಕೆ ಬಂದು, 2021ರ ಅಕ್ಟೋಬರ್‌ನಲ್ಲಿ ನಿವೃತ್ತನಾಗುವವರೆಗೆ 264 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿ 72 ಗೋಲುಗಳನ್ನು ಗಳಿಸಿದರು. ಲೆಕ್ಕ ಹಾಕಿದರೆ ನಾಲ್ಕು ಪಂದ್ಯಗಳಿಗೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಗೋಲಿನ ಪಟ್ಟಿಯನ್ನಷ್ಟೇ ನೋಡುವವನಿಗೆ ಇದು ಸಾಧಾರಣವೆಂದು ಕಂಡೀತು. ಆದರೆ ಇದೇ ಸುನಿಲ್ 2012 ಮತ್ತು 2016ರ ಎರಡು ಒಲಿಂಪಿಕ್ಸ್ ಆಡಿದರು, 2014ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿದ್ದರು, 2017ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಏಕೆಂದರೆ ಅವರ ಬೆಲೆ ಇದ್ದದ್ದು ವೇಗದಲ್ಲಿ. ಬಲಬದಿಯಿಂದ ಒಬ್ಬನು ಮಿಂಚಿನಂತೆ ನುಗ್ಗಿದಾಗ ಎದುರಾಳಿಯ ಇಬ್ಬರು ರಕ್ಷಕರು ಅವನ ಹಿಂದೆ ಬೀಳಬೇಕಾಗುತ್ತದೆ. ಮಧ್ಯದಲ್ಲಿ ಇನ್ನೊಬ್ಬನಿಗೆ ಜಾಗ ದೊರೆಯುತ್ತದೆ. ಅವನ ಕೋಲಿನಿಂದ ಹೊರಟ ಚೆಂಡು ರಕ್ಷಕನ ಕಾಲಿಗೆ ಬಡಿದರೆ ಪೆನಾಲ್ಟಿ ಕಾರ್ನರ್ ಸಿಗುತ್ತದೆ. ಗೋಲು ಮಾತ್ರ ಹೊಡೆದವನ ಹೆಸರಿಗೆ ಬರೆಯಲ್ಪಡುತ್ತದೆ. ಆದ್ದರಿಂದ ಹುಡುಗನು ಎಷ್ಟು ಗೋಲು ಹೊಡೆದ ಎನ್ನುವುದಕ್ಕಿಂತ, ಮೈದಾನದಲ್ಲಿದ್ದಷ್ಟು ನಿಮಿಷಗಳಲ್ಲಿ ತಂಡಕ್ಕೆ ಎಷ್ಟು ಅವಕಾಶಗಳನ್ನು ತಂದುಕೊಟ್ಟ ಎಂದು ಕೇಳುವುದು ಸರಿಯಾದ ಪ್ರಶ್ನೆ.

ಇನ್ನು ಹಾಜರಿಯ ಮಾತು. ಶಾಲೆಯಲ್ಲಿ ಶೇಕಡ 75ರ ಹಾಜರಿ ಇಲ್ಲದವನನ್ನು ಪರೀಕ್ಷೆಗೆ ಕೂರಿಸುವುದು ಕಷ್ಟ. ಆಟದಲ್ಲಿ ಅಂಥ ಗೆರೆ ಎಳೆಯಬಹುದೇ? ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಬರೆಯೋಣ. ಇದು ಕೇವಲ ಕಲ್ಪಿತ ಲೆಕ್ಕ. ವರ್ಷಕ್ಕೆ ಇಪ್ಪತ್ತು ಪಂದ್ಯಗಳಿವೆ ಎನ್ನಿ. ಒಬ್ಬ ಹುಡುಗ ಪ್ರತಿ ಪಂದ್ಯಕ್ಕೆ ಐದು ಅವಕಾಶಗಳನ್ನು ಸೃಷ್ಟಿಸುತ್ತಾನೆ, ಆದರೆ ಗಾಯದಿಂದ ಹನ್ನೆರಡು ಪಂದ್ಯಗಳನ್ನಷ್ಟೇ ಆಡುತ್ತಾನೆ, ಒಟ್ಟು 60. ಇನ್ನೊಬ್ಬ ಒಂದು ಪಂದ್ಯವನ್ನೂ ತಪ್ಪಿಸುವುದಿಲ್ಲ, ಪಂದ್ಯಕ್ಕೆ ಮೂರು ಅವಕಾಶ, ಅವನದೂ 60. ಇಬ್ಬರೂ ಸಮ ಎನ್ನುತ್ತೀರಾ? ಇಲ್ಲ. ಮೊದಲನೆಯವನು ಹೊರಗಿದ್ದ ಎಂಟು ಪಂದ್ಯಗಳಲ್ಲಿ ಆ ಜಾಗ ಖಾಲಿ ಇರುವುದಿಲ್ಲವಲ್ಲ! ಪಂದ್ಯಕ್ಕೆ ಎರಡು ಅವಕಾಶ ತರಬಲ್ಲ ಮೂರನೆಯ ಹುಡುಗನನ್ನು ತಯಾರು ಮಾಡಿದ್ದರೆ ಇನ್ನೂ 16 ಸೇರುತ್ತದೆ. ಒಟ್ಟು 76. ಮೂರನೆಯವನನ್ನು ತಯಾರು ಮಾಡದಿದ್ದರೆ ಸೇರುವುದು ಸೊನ್ನೆ. ಅಂದರೆ ಗಾಯಗೊಳ್ಳುವ ಆಟಗಾರನ ಬೆಲೆಯು ಅವನ ಮಂಡಿಯಲ್ಲಿ ಮಾತ್ರ ಇಲ್ಲ. ಅವನ ಬದಲಿಗೆ ನಿಲ್ಲುವ ಹುಡುಗನನ್ನು ತರಬೇತುದಾರ ಹೇಗೆ ಬೆಳೆಸಿದ್ದಾನೆ ಎಂಬುದರಲ್ಲಿಯೂ ಇದೆ. ಈ ಮಾತು ನಮ್ಮ ಚರ್ಚೆಗಳಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ಎಲ್ಲ ಭಾರವನ್ನೂ ಆ ಎಳೆಯನ ಹೆಗಲಿಗೇ ಹೊರಿಸುತ್ತೇವೆ.

ಬದಲಿ ಆಟಗಾರನ ಮಹತ್ವಕ್ಕೆ ಟೋಕಿಯೊ ಒಲಿಂಪಿಕ್ಸ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 2021ರ ಆಗಸ್ಟ್ 5ರಂದು ಭಾರತ ಜರ್ಮನಿಯನ್ನು 5-4ರಿಂದ ಸೋಲಿಸಿ, 41 ವರ್ಷಗಳ ನಂತರ ಹಾಕಿಯಲ್ಲಿ ಒಲಿಂಪಿಕ್ ಪದಕ ಪಡೆಯಿತು. ಅಂದು ಎರಡು ಗೋಲು ಹೊಡೆದ ಸಿಮ್ರನ್‌ಜೀತ್ ಸಿಂಗ್ ಮೂಲತಃ ಹದಿನಾರು ಜನರ ತಂಡದಲ್ಲಿ ಇರಲಿಲ್ಲ. ಕಾಯ್ದಿರಿಸಿದ ಆಟಗಾರನಾಗಿ ಹೋದವರು. ಕ್ರಿಕೆಟ್ಟಿನಲ್ಲಿಯೂ ಇಂಥದೇ ಕಥೆ ಇದೆ. 2001ರಲ್ಲಿ ಆಸ್ಟ್ರೇಲಿಯಾ ತಂಡ ಬಂದಾಗ ನಮ್ಮ ಅನಿಲ್ ಕುಂಬ್ಳೆ ಭುಜದ ಗಾಯದಿಂದ ಹೊರಗಿದ್ದರು. ಆ ಸರಣಿಯ ಮೂರು ಟೆಸ್ಟ್‌ಗಳಲ್ಲಿ ಹರಭಜನ್ ಸಿಂಗ್ 32 ವಿಕೆಟ್ ಕಿತ್ತರು. ಹಾಗೆಂದು ಕುಂಬ್ಳೆಯವರ ಕಾಲ ಮುಗಿಯಿತೇ? ಗುಣಮುಖರಾಗಿ ಮರಳಿ, 2008ರಲ್ಲಿ ನಿವೃತ್ತರಾಗುವಾಗ ಅವರ ಖಾತೆಯಲ್ಲಿ 619 ಟೆಸ್ಟ್ ವಿಕೆಟ್‌ಗಳಿದ್ದವು. ಒಬ್ಬನ ಗಾಯ ಇನ್ನೊಬ್ಬನಿಗೆ ಬಾಗಿಲು ತೆರೆಯಿತು. ಮೊದಲಿನವನಿಗೆ ಬಾಗಿಲು ಮುಚ್ಚಲಿಲ್ಲ. ದೊಡ್ಡ ತಂಡದ ಲಕ್ಷಣ ಇದು.

ಎಲ್ಲ ಗಾಯಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ತಪ್ಪು. ಹಾಕಿಯ ಚೆಂಡು ಗಟ್ಟಿ. ಅದು ಬಡಿದು ಬೆರಳು ಮುರಿದರೆ ಅದು ಆ ದಿನದ ದುರ್ದೈವ. ಹಾಗೆ ಮೂರು ಸಲ ಪೆಟ್ಟು ತಿಂದವನನ್ನು ‘ದೇಹ ದುರ್ಬಲ’ ಎಂದು ಕರೆಯುವುದು ಅನ್ಯಾಯ. ತೊಡೆಯ ಹಿಂಭಾಗದ ಸ್ನಾಯುವಿನ ಸೆಳೆತದ ಕಥೆ ಬೇರೆ. ಹಾಕಿ ಆಟಗಾರ ಬೆನ್ನು ಬಾಗಿಸಿ ಓಡಬೇಕು, ತಟ್ಟನೆ ನಿಲ್ಲಬೇಕು, ತಟ್ಟನೆ ತಿರುಗಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲಿನ ಮೈದಾನ ಬಂದಂದಿನಿಂದ ಆಟದ ವೇಗ ಏರಿದೆ. ಸೊಂಟ, ತೊಡೆ, ಮಂಡಿಗಳ ಮೇಲಿನ ಹೊರೆಯೂ ಏರಿದೆ. ಈ ಸ್ನಾಯು ಒಮ್ಮೆ ಹರಿದರೆ ಮತ್ತೆ ಹರಿಯುವ ಸಂಭವ ಹೆಚ್ಚು ಎಂಬುದು ವೈದ್ಯಶಾಸ್ತ್ರ ಕಂಡುಕೊಂಡ ಸತ್ಯ. ಅದರಲ್ಲಿಯೂ ಪೂರ್ತಿ ಮಾಯುವ ಮೊದಲೇ ಮೈದಾನಕ್ಕೆ ಇಳಿದವನಿಗೆ. ಮಂಡಿಯೊಳಗಿನ ರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ ಸುಮಾರು ಒಂಬತ್ತು ತಿಂಗಳಾದರೂ ಕಾಯಬೇಕೆಂದು ಕ್ರೀಡಾ ವೈದ್ಯರು ಹೇಳುತ್ತಾರೆ. ಎಳೆಯರಲ್ಲಿ ಮರುಗಾಯದ ಭಯ ಇನ್ನೂ ಹೆಚ್ಚು. ಹೀಗಿರುವಾಗ ‘ಮೂರು ಸಲ ಗಾಯಗೊಂಡ’ ಎಂಬ ಲೆಕ್ಕಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ. ಅವು ಮೂರು ಬೇರೆ ಬೇರೆ ಗಾಯಗಳೋ, ಅಥವಾ ಮಾಯದ ಒಂದೇ ಗಾಯದ ಮೂರು ಅಧ್ಯಾಯಗಳೋ? ಎರಡನೆಯದಾದರೆ ದೋಷ ಹುಡುಗನದಲ್ಲ. ಅವನನ್ನು ಅವಸರದಿಂದ ಆಡಿಸಿದ ದೊಡ್ಡವರದು.

ನಮ್ಮ ಊರಿನವರಿಗೆ ಇದನ್ನು ತಿಳಿಸಿ ಹೇಳಬೇಕಾಗಿಯೇ ಇಲ್ಲ. ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಮಳೆಗಾಲದ ತಿಂಗಳುಗಳಲ್ಲಿ ಯಂತ್ರಗಳನ್ನೆಲ್ಲ ಬಿಚ್ಚಿ, ಸವೆದದ್ದನ್ನು ಬದಲಿಸಿ, ಎಣ್ಣೆ ಹಾಕಿ ಮತ್ತೆ ಜೋಡಿಸುತ್ತಾರೆ. ಆ ದಿನಗಳನ್ನು ಯಾರೂ ‘ಯಂತ್ರ ಸೋಮಾರಿಯಾಗಿ ಬಿದ್ದಿದೆ’ ಎನ್ನುವುದಿಲ್ಲ. ಕಬ್ಬಿಣಕ್ಕೆ ಕೊಡುವ ಈ ಬಿಡುವನ್ನು ಹದಿನಾರರ ಎಲುಬಿಗೆ ಕೊಡಲು ನಮಗೆ ಮನಸ್ಸು ಬರುವುದಿಲ್ಲ. ಜಿಲ್ಲಾ ಮಟ್ಟ, ವಿಭಾಗ ಮಟ್ಟ, ರಾಜ್ಯ ಮಟ್ಟ ಎಂದು ಒಂದರ ಬೆನ್ನಿಗೆ ಒಂದು ಪಂದ್ಯಾವಳಿ ಬರುತ್ತದೆ. ಪ್ರಮಾಣಪತ್ರ ಸಿಕ್ಕರೆ ಕ್ರೀಡಾ ಕೋಟಾದಲ್ಲಿ ಸೀಟು, ಮುಂದೆ ನೌಕರಿ ಎಂಬ ಆಸೆ. ಬಡ ಮನೆಯ ಹುಡುಗನಿಗೆ ಆ ಕಾಗದವೇ ಹೊಲ, ಅದೇ ಮನೆ. ಆದ್ದರಿಂದ ನೋವನ್ನು ಮುಚ್ಚಿಡುತ್ತಾನೆ. ಗುಳಿಗೆ ನುಂಗಿ, ಮಂಡಿಗೆ ಪಟ್ಟಿ ಸುತ್ತಿಕೊಂಡು ಆಡುತ್ತಾನೆ. ‘ಹುಡುಗ ಗಟ್ಟಿಗ’ ಎಂದು ನಾವು ಬೆನ್ನು ತಟ್ಟುತ್ತೇವೆ. ಇದು ಬಿತ್ತುವ ಬೀಜವನ್ನೇ ಕುಟ್ಟಿ ಉಂಡಂತೆ. ಈ ವರ್ಷದ ಹಸಿವು ತೀರುತ್ತದೆ, ಮುಂದಿನ ವರ್ಷದ ಹೊಲ ಬರಿದಾಗುತ್ತದೆ.

ಅರ್ಧ ಗುಣವಾದ ಆಟಗಾರನನ್ನು ದೊಡ್ಡ ಪಂದ್ಯಕ್ಕೆ ಇಳಿಸಬೇಕೇ ಬೇಡವೇ ಎಂಬ ಸಂಕಟ ರಾಷ್ಟ್ರೀಯ ತಂಡವನ್ನೂ ಬಿಟ್ಟಿಲ್ಲ. 2023ರ ಜನವರಿಯಲ್ಲಿ ಒಡಿಶಾದಲ್ಲಿ ನಡೆದ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಆಡುವಾಗ ಹಾರ್ದಿಕ್ ಸಿಂಗ್ ಅವರ ತೊಡೆಯ ಸ್ನಾಯು ಸೆಳೆಯಿತು. ಅವರು ಮಧ್ಯಪಡೆಯ ಆಟಗಾರ, ಆಗ 24 ವರ್ಷ, ತಂಡದ ಉಸಿರಿನಂತಿದ್ದವರು. ಕೆಲವು ದಿನ ಕಾದು ನೋಡಿ, ಕೊನೆಗೆ ಅವರನ್ನು ಪಂದ್ಯಾವಳಿಯಿಂದ ಹೊರಗಿಡಲಾಯಿತು. ಜನವರಿ 22ರಂದು ನ್ಯೂಜಿಲೆಂಡ್ ವಿರುದ್ಧ 3-3ರ ಸಮಬಲದ ನಂತರ ಶೂಟೌಟ್‌ನಲ್ಲಿ ಸೋತು ಭಾರತ ಹೊರಬಿತ್ತು. ಅವರಿದ್ದಿದ್ದರೆ ಗೆಲ್ಲುತ್ತಿತ್ತೇ ಎಂದು ಹೇಳಲು ಯಾರಿಂದಲೂ ಆಗದು. ಆದರೆ ಅವರನ್ನು ಆಡಿಸದೆ ಉಳಿಸಿಕೊಂಡದ್ದರ ಫಲ ನಮ್ಮ ಕಣ್ಣ ಮುಂದಿದೆ: ಅದೇ ವರ್ಷ ಏಷ್ಯನ್ ಕ್ರೀಡಾಕೂಟದ ಚಿನ್ನ, 2024ರಲ್ಲಿ ಪ್ಯಾರಿಸ್‌ನ ಕಂಚು, ಎರಡರಲ್ಲಿಯೂ ಹಾರ್ದಿಕ್ ಇದ್ದರು. ಸುನಿಲ್ ಕೂಡ 2018ರಲ್ಲಿ ಮಂಡಿಯ ಗಾಯದಿಂದ ಭುವನೇಶ್ವರದ ವಿಶ್ವಕಪ್ ತಪ್ಪಿಸಿಕೊಂಡು, 29ರ ವಯಸ್ಸು ದಾಟಿದ್ದರೂ ಮರು ವರ್ಷ ತಂಡಕ್ಕೆ ಹಿಂದಿರುಗಿದರು. ಇಪ್ಪತ್ತೊಂಬತ್ತಕ್ಕೆ ಸಾಧ್ಯವಾದದ್ದು ಹದಿನಾರಕ್ಕೆ ಆಗದೇ?

ಇನ್ನು ಎದುರು ಪಕ್ಷದ ವಾದ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ದಿನವೂ ನಸುಕಿನಲ್ಲಿ ಮೈದಾನಕ್ಕೆ ಬಂದು, ಒಂದು ದಿನವೂ ತಪ್ಪಿಸದೆ ಬೆವರು ಸುರಿಸುವ ಹುಡುಗನ ಗತಿ ಏನು? ಪ್ರತಿಭೆ ತುಸು ಕಡಿಮೆಯೆಂದು ಅವನು ವರ್ಷವೆಲ್ಲ ಹೊರಗೆ ಕುಳಿತು, ಗಾಯದಿಂದ ಎದ್ದುಬಂದವನಿಗೆ ಮುಖ್ಯ ಪಂದ್ಯದ ದಿನ ಜಾಗ ಬಿಟ್ಟುಕೊಡಬೇಕೇ? ತರಗತಿಯಲ್ಲಿ ಮೂವತ್ತು ವರ್ಷ ನಿಂತವನಿಗೆ ಈ ನೋವು ಚೆನ್ನಾಗಿ ಗೊತ್ತು. ಚುರುಕು ಹುಡುಗನ ಮೇಲೆ ಎಲ್ಲ ಶಿಕ್ಷಕರ ಕಣ್ಣು. ಕಷ್ಟಪಟ್ಟು ಓದುವವನು ಎರಡನೆಯ ಬೆಂಚಿನಲ್ಲಿ ಮೌನವಾಗಿ ಕುಳಿತಿರುತ್ತಾನೆ. ಅದೃಷ್ಟವಶಾತ್ ಹಾಕಿಯ ನಿಯಮವೇ ಇಲ್ಲಿ ನೆರವಿಗೆ ಬರುತ್ತದೆ. ಕ್ರಿಕೆಟ್ಟಿನಂತೆ ಹನ್ನೊಂದು ಜನರೇ ದಿನವಿಡೀ ಆಡಬೇಕಾದ ಆಟ ಇದಲ್ಲ. ಹದಿನೈದು ನಿಮಿಷಗಳ ನಾಲ್ಕು ಭಾಗಗಳ ಆಟದಲ್ಲಿ ಎಷ್ಟು ಬಾರಿ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಹೊರಗೆ ಬಂದವನು ಮತ್ತೆ ಒಳಗೆ ಹೋಗಬಹುದು. ಮುಂಚೂಣಿಯವರನ್ನು ಕೆಲವೇ ನಿಮಿಷಗಳ ರಭಸಕ್ಕೆ ಬಳಸಿ ಹೊರಗೆ ಕರೆಯುವುದು ಇಂದಿನ ಪದ್ಧತಿಯೇ ಆಗಿದೆ. ಆದ್ದರಿಂದ ‘ಇವನೋ ಅವನೋ’ ಎಂಬ ಪ್ರಶ್ನೆಯೇ ಅರ್ಧ ಸುಳ್ಳು. ಇಬ್ಬರೂ ಇರಲಿ, ನಿಮಿಷಗಳನ್ನು ಹಂಚೋಣ.

ಹಾಗಾದರೆ ನನ್ನ ತೀರ್ಪೇನು? ನನ್ನ ಶಿಷ್ಯನಿಗೆ ನಾನು ಹೇಳುವುದು ಇಷ್ಟು. ಆ ಹುಡುಗನನ್ನು ತಂಡದಿಂದ ಕೈಬಿಡಬೇಡ. ಆದರೆ ತಂಡವನ್ನು ಅವನೊಬ್ಬನ ಮೇಲೆ ನಿಲ್ಲಿಸಬೇಡ. ಪ್ರತಿ ಗಾಯದ ದಿನಾಂಕ, ಜಾಗ, ವಿಶ್ರಾಂತಿಯ ಅವಧಿಯನ್ನು ಹಾಜರಿ ಪುಸ್ತಕದಂತೆ ಬರೆದಿಡು. ವೈದ್ಯರು ಒಪ್ಪುವವರೆಗೆ, ಫೈನಲ್ ಪಂದ್ಯವಾದರೂ ಸರಿ, ಅವನನ್ನು ಇಳಿಸಬೇಡ. ಮರಳಿದ ಮೇಲೂ ಮೊದಲ ವಾರಗಳಲ್ಲಿ ಅರ್ಧ ಆಟವೇ ಸಾಕು. ಅವನ ಬದಲಿಗೆ ಆಡುವವನಿಗೆ ಸುಲಭದ ಪಂದ್ಯಗಳನ್ನಷ್ಟೇ ಅಲ್ಲದೆ ಕಠಿಣ ಪಂದ್ಯಗಳನ್ನೂ ಕೊಡು; ಅಭ್ಯಾಸವಿಲ್ಲದವನನ್ನು ಆಪತ್ತಿನಲ್ಲಿ ನೂಕುವುದು ಅವನಿಗೂ ಅನ್ಯಾಯ. ಹೊರಗೆ ಕುಳಿತಿರುವ ದಿನಗಳಲ್ಲಿ ಹುಡುಗನನ್ನು ಮೈದಾನದ ಅಂಚಿಗೆ ಕರೆದು ಎದುರಾಳಿಯ ಆಟವನ್ನು ಓದುವುದನ್ನು ಕಲಿಸು. ಕಾಲು ನಿಂತಾಗ ಬುದ್ಧಿ ಓಡಲಿ. ಅವನ ಮನೆಯವರನ್ನು ಕರೆಸಿ, ಪುಸ್ತಕವನ್ನು ಬಿಡಿಸಬೇಡಿ ಎಂದು ಕೈಮುಗಿದು ಹೇಳು. ಒಂದು ಸ್ನಾಯುವಿನ ಮೇಲೆ ಇಡೀ ಬಾಳನ್ನು ಪಣಕ್ಕಿಡುವ ಹಕ್ಕು ಹುಡುಗನಿಗೂ ಇಲ್ಲ, ನಮಗಂತೂ ಇಲ್ಲವೇ ಇಲ್ಲ.

ಕೊನೆಯದಾಗಿ ಆ ‘ಕುಂಟುವ ಕುದುರೆ’ಯ ಮಾತು. ಕುದುರೆಯನ್ನು ಸಂತೆಯಲ್ಲಿ ಹಲ್ಲು ನೋಡಿ ಕೊಳ್ಳುತ್ತಾರೆ, ಬೇಡವಾದಾಗ ಮಾರುತ್ತಾರೆ. ಶಾಲೆಯ ತಂಡವು ಸಂತೆಯಲ್ಲ. ಹಣ ಕೊಟ್ಟು ಆಟಗಾರರನ್ನು ಕೊಳ್ಳುವ ಲೀಗ್ ತಂಡಗಳು ಹಾಗೆ ಲೆಕ್ಕ ಹಾಕಲಿ, ಅವರ ವ್ಯಾಪಾರ ಅದು. ನಮ್ಮ ಕೈಗೆ ಬಂದಿರುವುದು ಬೆಳೆಯುತ್ತಿರುವ ಮಗು. ಅವನು ಈ ವರ್ಷ ಎಷ್ಟು ಪಂದ್ಯ ಗೆಲ್ಲಿಸಿದ ಎಂಬುದನ್ನು ಊರು ನಾಲ್ಕು ದಿನದಲ್ಲಿ ಮರೆಯುತ್ತದೆ. ನಲವತ್ತರ ವಯಸ್ಸಿನಲ್ಲಿ ಅವನು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ನೆನೆಯುವುದು ಮಾತ್ರ ನಮ್ಮನ್ನೇ. ಆಯ್ಕೆಯ ಪಟ್ಟಿ ಬರೆಯುವ ಪ್ರತಿಯೊಬ್ಬ ಶಿಕ್ಷಕನೂ ಆ ನೆನಪು ಹೇಗಿರಬೇಕೆಂದು ಒಂದು ಕ್ಷಣ ಯೋಚಿಸಿದರೆ ಸಾಕು, ಆಟಗಾರನ ಬೆಲೆ ತಾನಾಗಿಯೇ ಹೊಳೆಯುತ್ತದೆ.

ನಿಮ್ಮ ಅಭಿಪ್ರಾಯ ಬೇರೆಯಾಗಿದ್ದರೆ ಸಂಕೋಚವಿಲ್ಲದೆ ತಿಳಿಸಿ. ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದವರು ನೀವು, ಈಗಲೂ ಕೇಳಬಹುದು.